ಐಟಂ ನಲವತ್ತೇಳು

ಕರಡು ಬಂದದ್ದು ತಾಲೂಕು ಆಸ್ಪತ್ರೆಯ ಹಳೇ ಕಡತದಿಂದ.
‘ರೋಗಿ’ ಇದ್ದಲ್ಲೆಲ್ಲ ‘ಪ್ರಾಣಿ’ ಎಂದು ತಿದ್ದಿದೆ;
ಕಂಪ್ಯೂಟರಿನಲ್ಲಿ ಒಂದೇ ಗುಂಡಿ, ನೂರಾ ಹನ್ನೆರಡು ಕಡೆ.
ಆದರೂ ಉಳಿದವು:
ಪ್ರಾಣಿಯ ಕಡೆಯವರು ಕೂರಲು ಗ್ರಾನೈಟ್ ಬೆಂಚು,
ಹೊರಗೆ ಚಪ್ಪಲಿ ಬಿಡುವ ಕಪಾಟು,
‘ದಯವಿಟ್ಟು ಮೌನವಾಗಿರಿ’ ಫಲಕ, ಮೂರು ಭಾಷೆಗಳಲ್ಲಿ.
ರತಿಕಾಂತ ಸಾಹೇಬರು ಕನ್ನಡಕದ ಮೇಲಿಂದ ನೋಡಿ
‘ಇರ್ಲಿ ಬಿಡ್ರಿ ಬಾಯಾರ, ಎಸ್ಟಿಮೇಟಿಗಿ ಆಸರ’ ಅಂದರು.

ಆ ಸೋಮವಾರ ಝರೆಪ್ಪ ಬಂದ.
ಬೀದರಿನ ಚಳಿಗೆ ಬಾಗಿಲಲ್ಲೇ ಕೈ ಉಜ್ಜುತ್ತ ನಿಂತ.
ಪಾರ್ಕಿನ ಕಾವಲಿನವನ ತಲೆ ಅಂದು ಬರಿದು,
ಯಾವತ್ತಿನ ಹಸಿರು ರುಮಾಲು ಇಲ್ಲ.
ನಾಯಿ ಅಟ್ಟಿ, ತಂತಿಬೇಲಿಗೆ ಬಿದ್ದ ಚಿಗರಿ
ಮೇವಿನ ಕೋಣೆಯಲ್ಲಿದೆ, ಮುಂಗಾಲು ಮುರಿದು.
ಡಾಕ್ಟರು ಹುಮನಾಬಾದಿನಿಂದ ಬರಬೇಕು, ಗುರುವಾರ.

‘ಕಾಲಿಂದ ಸಾಯಂಗಿಲ್ರಿ ಅದು, ಅಂಜಿ ಸಾಯ್ತದ.
ಮಂದಿ ಮಾರಿ ಕಂಡ್ರ ಎದಿ ಒಡಿತದ.
ರುಮಾಲ ಕಣ್ಣಿಗಿ ಕಟ್ಟಿ ಬಂದೀನಿ. ಈಗ ಸುಮ್ನ ಅದ.
ನೀವು ದವಾಖಾನಿ ಬರಿಲತೀರಂತ,
ಅದರಾಗ ಒಂದ್ ಕತ್ತಲ ಖೋಲಿ ಬರೀರಿ.
ಕಿಟಕಿ ಬ್ಯಾಡ. ಅಷ್ಟ.’

ಬರೆದೆ.
ಐಟಂ ನಲವತ್ತೇಳು: ಕೋಣೆಯಲ್ಲಿ ಕತ್ತಲೆ ಕಾಯ್ದಿಡುವುದು, ಒಟ್ಟಾರೆ.
ಕಡತ ಮಹಡಿ ಹತ್ತಿ ಇಳಿಯಿತು, ಕೆಂಪು ಶಾಯಿಯೊಂದಿಗೆ:
‘ನೆಲದ ಆರನೇ ಒಂದು ಪಾಲು ಕಿಟಕಿ ಕಡ್ಡಾಯ.
ಗಾಳಿ ಬೆಳಕು ಪ್ರತಿ ರೋಗಿಯ ಹಕ್ಕು.’
(ಅಲ್ಲೊಂದು ‘ರೋಗಿ’ ತಪ್ಪಿಸಿಕೊಂಡಿತ್ತು.)

ಬಿಡ್ ಪೂರ್ವ ಸಭೆಗೆ ನಾಲ್ವರು ಗುತ್ತಿಗೆದಾರರು,
ಒಂದು ತಟ್ಟೆ ಚೂಡಾ, ಐದು ಕಪ್ ಚಹಾ.
ಭಾಲ್ಕಿಯ ವೈಜಿನಾಥ ಹಾಳೆ ಎತ್ತಿ ಹಿಡಿದು,
‘ಗ್ವಾಡಿಗಿ ರೇಟ್ ಅದ, ಬಾಗಿಲಿಗಿ ಅದ.
ಕತ್ತಲಿಗಿ ಯೂನಿಟ್ ಏನ್ರಿ?
ಬ್ರಾಸಿನ ಲೆಕ್ಕೇನು, ಟನ್ನಿನ ಲೆಕ್ಕೇನು?’
ಸಾಹೇಬರೂ ನಕ್ಕರು, ಚಹಾ ಚೆಲ್ಲುವಷ್ಟು.
ನಾನೂ ನಕ್ಕೆ, ಸುಳ್ಳು ಯಾಕೆ.

ನಗದವರು ಮೂಲೆಯ ದಸ್ತಗೀರ್ ಮೇಸ್ತ್ರಿ ಒಬ್ಬರೇ.
ಅವರ ಪ್ರಶ್ನೆ ಬೇರೆ:
‘ಬಾಗಿಲ ಮೂರೂವರಿ ಅಡಿ ಅಂತದ.
ಚಿರತಿ ಪಂಜರ ಎಷ್ಟ್ ಅಗಲ, ಯಾರರ ಅಳದೀರೇನು?’
ಫ್ಯಾನು ತಿರುಗುತ್ತಿತ್ತು, ಚಳಿಗಾಲದಲ್ಲಿ, ಸುಮ್ಮನೆ.
ಝರೆಪ್ಪನಿಗೆ ಫೋನು ಮಾಡಿದೆವು. ಗೇಣಿನಲ್ಲಿ ಅಳೆದು ಹೇಳಿದ.
ನಾಲ್ಕಡಿಗೂ ಮೇಲೆ.

ತಿದ್ದುಪಡಿ ಒಂದು, ಬಾಗಿಲಿಗೆ.
ತಿದ್ದುಪಡಿ ಎರಡನ್ನು ನಾನೇ ಟೈಪು ಮಾಡಿದೆ,
ಡಾಕ್ಟರಮ್ಮನ ಎರಡು ಸಾಲಿನ ಚೀಟಿ ಲಗತ್ತಿಸಿ:
‘ಕಿಟಕಿ, ಎರಡು’ ಎಂಬುದನ್ನು
‘ಕಿಟಕಿ, ಇಲ್ಲ’ ಎಂದು ಓದಿಕೊಳ್ಳತಕ್ಕದ್ದು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ನಾನು ಎರಡು ಸಲ ಓದಿ ನೋಡಿದ ಸಾಲು ಅದೊಂದೇ.

ಮೊದಲ ಕರೆಗೆ ಒಂದೇ ಬಿಡ್ಡು; ನಿಯಮ, ರದ್ದು.
ಎರಡನೆಯದಕ್ಕೆ ಎರಡು; ಒಂದಕ್ಕೆ ಠೇವಣಿ ಇಲ್ಲ.
ತೊಗರಿ ರಾಶಿ ಮುಗಿದು ರಸ್ತೆಯಲ್ಲಿ ಹೊಟ್ಟು ಹಾರುವಾಗ
ಮೂರನೆಯದು ತೆರೆಯಿತು, ಬುಧವಾರ ನಾಲ್ಕೂವರೆಗೆ.
ವೈಜಿನಾಥ ನಲವತ್ತೇಳಕ್ಕೆ ಹಾಕಿದ್ದು ಎಂಬತ್ತೈದು ಸಾವಿರ.
ದಸ್ತಗೀರರ ಸಾಲಿನಲ್ಲಿ ಒಂದು ಸೊನ್ನೆ.
ಸೊನ್ನೆ ಬರೆದವರು ಪುಕ್ಕಟೆ ಮಾಡಿಕೊಡತಕ್ಕದ್ದು,
ನಿಬಂಧನೆ ಹದಿನೆಂಟು. ಸಾಹೇಬರು ಅದನ್ನೇ ತೋರಿಸಿದರು.
ಒಟ್ಟು ಮೊತ್ತದಲ್ಲೂ ಅವರೇ ಕಡಿಮೆ.

ಸಂಜೆ ಝರೆಪ್ಪನಿಗೆ ತಿಳಿಸಿದೆ.
ಕಾಮಗಾರಿ ಅವಧಿ ಹನ್ನೊಂದು ತಿಂಗಳು, ಮಳೆಗಾಲ ಸೇರಿ.
ಅತ್ತ ಕಡೆ ನವಿಲೊಂದು ಕೂಗಿತು, ಬಕೀಟು ಉರುಳಿತು.
ಚಿಗರಿಯ ಸುದ್ದಿ ಕೇಳಬೇಕೆಂದಿದ್ದೆ,
ಬಾಯಿಗೆ ಬಂದದ್ದು ಬೇರೆ: ‘ರುಮಾಲು ವಾಪಸ್ ಬಂತಾ?’

‘ಬಂತ್ರಿ. ತೊಳದ್ರೂ ವಾಸನಿ ಹೋಗ್ಲತಿಲ್ಲ.
ಇನ್ನೊಂದು ತೊಗೊಂಡೀನ್ರಿ,’ ಅಂದ.
‘ಈ ಸಲ ಕರೇದು.’