ದನಿ ಹೋದ ಟೀವಿ

ಲಗ್ಗೆರೆಯ ಮೂರನೇ ಮಹಡಿ, ತಲೆ ಮೇಲೆ ಶೀಟು.
ನಾಲ್ಕು ಚಾಪೆ, ಏಳು ಬಿಂದಿಗೆ, ಒಂದು ಟೀವಿ.
ಚೀಟಿ ಎತ್ತಿದ ದುಡ್ಡಲ್ಲಿ ಸಂಡೇ ಬಜಾರಿಂದ
ಜಬೀನಾಳ ದುಪಟ್ಟದಲ್ಲಿ ಸುತ್ತಿಕೊಂಡು
ಎರಡು ಬಸ್ಸು ಬದಲಿಸಿ ತಂದದ್ದು.
ಕೂಸಿಗೂ ಟಿಕೆಟ್ ತಗೊಳ್ಳಮ್ಮ ಅಂತ ಕಂಡಕ್ಟರು ನಕ್ಕಿದ್ದ.

ಆಷಾಢದ ಒಂದು ಮಂಗಳವಾರ, ಒಂಬತ್ತೂ ಹತ್ತಕ್ಕೆ,
ಸೊಸೆ ಬಾಯಿ ತೆರೆದಳು, ಇನ್ನೇನು ನಿಜ ಹೇಳಬೇಕು,
ದನಿ ಹೋಯಿತು.
ಬಡಿದೆವು. ಎಡಗಡೆ, ಬಲಗಡೆ, ನೆತ್ತಿಗೆ.
ವೈರು ಕಿತ್ತು ಊದಿ ಮತ್ತೆ ಚುಚ್ಚಿದೆವು.
ಬಣ್ಣ ಇದೆ, ಜರಿಸೀರೆ ಇದೆ, ಕಣ್ಣೀರಿದೆ,
ಮಾತಿಲ್ಲ.

ರಿಪೇರಿಯವನು ಕೇಳಿದ್ದು ಮುನ್ನೂರೈವತ್ತು.
ಸಂಬಳಕ್ಕಿನ್ನೂ ಹದಿಮೂರು ದಿನ.

"ತಡೀರಿ" ಅಂದಳು ಹುಲಿಗೆಮ್ಮ, ರೊಟ್ಟಿಯ ಕೈ ಒರೆಸಿಕೊಂಡು,
"ಅತ್ತಿ ನಾ ಆಗ್ತೀನಿ."
ಪರದೆಯಲ್ಲಿ ತುಟಿ ಅಲ್ಲಾಡಿದ್ದೇ ತಡ
ಆ ಮುತ್ತಿನ ಹಾರದ ಒಳಗಿಂದ ಕೊಪ್ಪಳ ಗದರಿತು:
"ಏನ್ ನಿಂತೀಬೇ ಗೂಟದಂಗ? ತಾಸಿಗೆ ಎಂಬತ್ತು ಕಾಲರು
ನಿಮ್ಮಪ್ಪ ಬಂದು ಹೊಲಿತಾನೇನು?"
ಬಿದ್ದು ಬಿದ್ದು ನಕ್ಕೆವು. ನಮ್ಮ ಲೈನ್ ಸೂಪರ್‌ವೈಸರು,
ಥೇಟು ಅವನೇ, ಮೂಗುತಿ ಒಂದು ಹೆಚ್ಚು.

ಅಲ್ಲಿಂದ ಪಾತ್ರ ಹಂಚಿಕೊಂಡೆವು.
ಸೊಸೆ, ಮಾಲೂರಿನ ಮುನಿಲಕ್ಷ್ಮಿ. ಗಂಡ ಜಬೀನಾ.
ಅವನಿಗೆ ಮಾತು ಕಮ್ಮಿ, ಮೂರು ಸಲ ಮುಖ ತಿರುಗಿಸುತ್ತಾನೆ,
ಹಾಗಾಗಿ ತಟ್ಟೆ ಬಡಿದು ಸಿಡಿಲೂ ಅವಳೇ ಒದಗಿಸಬೇಕು.
ಮಿಕ್ಕಿದ್ದೆಲ್ಲ ನನ್ನ ಪಾಲು: ವಕೀಲ, ಡಾಕ್ಟರು, ಗೋಡೆಯ ದೇವರು,
ನಡುವೆ ಬರುವ ಸೋಪು, ಅಡುಗೆ ಎಣ್ಣೆ, ಬಂಗಾರದ ಸಾಲ.
ಕುಕ್ಕರು ಕೂಗಿದರೆ ಅದು ಆಂಬುಲೆನ್ಸು.

ತುಟಿ ಓದುವುದು ನಮಗೇನು ಬಾರದ್ದಲ್ಲ.
ಮಿಷಿನ್ನಿನ ಗದ್ದಲದಲ್ಲಿ ದಿನಕ್ಕೆ ಒಂಬತ್ತು ಗಂಟೆ
ತುಟಿ ನೋಡಿಯೇ ಸುಖದುಃಖ ಆಡುವವರು.
ಅವರು ಏನೆನ್ನುತ್ತಿದ್ದಾರೆಂದು ಗೊತ್ತಾಗುತ್ತಲೇ ಇತ್ತು.
ಅದನ್ನು ಮಾತ್ರ ನಾವು ಅನ್ನಲಿಲ್ಲ.

ಕೆಳಮನೆ ಓನರ ಮಗಳು ಪ್ರಣೀತ, ಐದನೇ ಕ್ಲಾಸು,
ದೊಡ್ಡ ಟೀವಿ, ಸೋಫಾ ಬಿಟ್ಟು
ಮೆಟ್ಟಿಲು ಹತ್ತಿ ಬಂದು ರೇಷನ್ ಅಕ್ಕಿಮೂಟೆ ಮೇಲೆ ಕೂರುತ್ತಿದ್ದಳು.

ಆ ರಾತ್ರಿ ಸೊಸೆ ಪೆಟ್ಟಿಗೆ ಹಿಡಿದು ಹೊಸಿಲಲ್ಲಿ ನಿಂತಿದ್ದಳು.
ಹಲ್ಲಿನ ಸಂದಿಯಿಂದ ನಾನು ಮಳೆಯಾಗಿ ಸುರಿಯುತ್ತಿದ್ದೆ.
ಮುನಿಲಕ್ಷ್ಮಿ ಎಂದಿನ ಹಾಗೆ ಮೂಗಲ್ಲಿ ಅಳಲಿಲ್ಲ.
ಮೆಲ್ಲಗೆ, ಗುಂಡಿ ಎಣಿಸಿಡುವವಳ ಹಾಗೆ:
"ಬಾತ್‌ರೂಮಿಗೆ ಹೋಗಿದ್ದು ಐದೇ ನಿಮಿಷ.
ಅಷ್ಟಕ್ಕೇ ನಿಲ್ಸಿ, ಇನ್ನೂರು ಜನದ ಮುಂದೆ
ಚೂಡಿ ಹಿಂದ್ಗಡೆ ನೋಡ್ಕೋ ಅಂದ್ರಿ.
ಗೊತ್ತಿತ್ತು ನಂಗೆ. ಅದಕ್ಕೇ ಹೋಗಿದ್ದು."
ಪರದೆಯ ತುಟಿಗೂ ಅವಳ ಮಾತಿಗೂ
ಒಂದು ಹೊಲಿಗೆ ತಪ್ಪಿರಲಿಲ್ಲ.

ನನ್ನ ಮಳೆ ನಿಂತಿತು. ಜಬೀನಾಳ ಕೈಯಲ್ಲಿ ತಟ್ಟೆ ಹಾಗೇ.
ಈಗ ಅತ್ತೆಯ ಸರದಿ. ಬೆರಳು ತೋರಿಸಿ, ಕಣ್ಣು ಕೆಕ್ಕರಿಸಿ
ಉದ್ದಕ್ಕೂ ಶಾಪ ಹಾಕುತ್ತಿದ್ದಳು.
ಹುಲಿಗೆಮ್ಮ ಆ ತುಟಿ ನಿಲ್ಲುವ ತನಕ ಸುಮ್ಮನಿದ್ದು
ಆಮೇಲೆ ಅಂದಳು, "ತಪ್ಪಾತವ್ವಾ.
ಒಳಗ ಬಾ. ಪೆಟಗಿ ಇಲ್ಲಿ ಕೊಡು."

ಜಾಹೀರಾತು ಬಂತು. ನಾನು ಸೋಪು ಮಾರಲಿಲ್ಲ.

ಸಂಬಳವಾದ ಮೇಲೆ ರಿಪೇರಿ ಮಾಡಿಸಿದೆವು.
ದನಿ ಬಂತು. ಅತ್ತೆಗೆ ಗುಬ್ಬಿಯಷ್ಟು ಗಂಟಲು,
ಪಾಠ ಒಪ್ಪಿಸುವಂಥ ಕನ್ನಡ, ಮನೆತನ, ಗೌರವ, ಅಂತಸ್ತು...
ಹತ್ತು ನಿಮಿಷ ಮರ್ಯಾದೆಗೆ ಕೇಳಿದೆವು.
ಯಾರೂ ಏನೂ ಅನ್ನಲಿಲ್ಲ,
ಜಬೀನಾ ಎದ್ದು ರಿಮೋಟು ಹುಡುಕಿದಳು.

ನಿನ್ನೆ ಪ್ರಣೀತ ಮೂಟೆ ಮೇಲೆ ಕಾಲಾಡಿಸುತ್ತ ಹೇಳಿದಳು:
"ನಮ್ಮನೇಲೂ ಇದೇ ಸೀರಿಯಲ್ಲು ಅಕ್ಕಾ.
ಆದ್ರೆ ಅಲ್ಲಿ ಆ ಅತ್ತೆ
ಇನ್ನೂ ತಪ್ಪಾಯ್ತು ಅಂದೇ ಇಲ್ಲ."