ಮರದ ಬೆರಳು

ಚಪ್ಪಲಿ ಹೊರಗೆ ಬಿಡಿ ಮಕ್ಕಳೇ, ಗಲಾಟೆ ಬೇಡ.
ಹೆಬ್ಬಾಳದ ಈ ದನದ ಡಾಕ್ಟರ ಕಾಲೇಜಿನಲ್ಲಿ
ಇಪ್ಪತ್ತೊಂಬತ್ತು ವರ್ಷದಿಂದ ಎಲುಬು ಒರೆಸುವವಳು ನಾನು,
ಮುನಿರತ್ನಮ್ಮ. ಇವಳು ನನಗಿಂತ ಸೀನಿಯರ್:
ನಲವತ್ತೊಂದನೇ ನಂಬರ್. ಆನೆ. ಹೆಣ್ಣು.

ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ,
ನಾನು ಎಣಿಸಿದ್ದೇನೆ. ಸಾವಿರ ಇಲ್ಲ,
ಮುನ್ನೂರು ಚಿಲ್ಲರೆ.
ಪ್ರತಿ ಮಾರ್ಚಿಗೆ ಆಡಿಟ್‌ನವರಿಗೆ ಲೆಕ್ಕ ಒಪ್ಪಿಸಬೇಕು.

ಸೊಂಡಿಲೆಲ್ಲಿ ಅಂದೆಯಾ ಕಂದ? ಎಲ್ಲರೂ ಅದನ್ನೇ ಕೇಳೋದು.
ಸೊಂಡಿಲಿಗೆ ಎಲುಬಿಲ್ಲ. ಬರೀ ಸ್ನಾಯು, ಸಾವಿರಾರು.
ದಿಮ್ಮಿ ಎತ್ತಿದ್ದೂ ಅದೇ, ಕಡಲೆಬೀಜ ಹೆಕ್ಕಿದ್ದೂ ಅದೇ,
ಮೊದಲು ಮಣ್ಣಾಗಿದ್ದೂ ಅದೇ.
ಉಳಿದಿರೋದು ಹಣೆಯ ನಡುವಿನ ಈ ತೂತು.
ಒಕ್ಕಣ್ಣ ರಾಕ್ಷಸ ಅಂತ ಹೆದರಬೇಡಿ, ಅದು ಮೂಗು.

ಬುರುಡೆ ಕಲ್ಲಿನ ಥರ ಕಾಣುತ್ತೆ, ಒಳಗೆ ಜೇನುಹುಟ್ಟು,
ಗೂಡುಗೂಡಾಗಿ ಗಾಳಿ. ಇಲ್ಲದಿದ್ದರೆ
ಇಷ್ಟು ದೊಡ್ಡ ತಲೆಯನ್ನ ಯಾವ ಕತ್ತು ಹೊರುತ್ತೆ?

ದವಡೆ ಹಲ್ಲು ನಮ್ಮ ಹಾಗೆ ಕೆಳಗಿಂದ ಹುಟ್ಟೋದಲ್ಲ,
ಹಿಂದಿನಿಂದ ತಳ್ಳಿಕೊಂಡು ಬರುತ್ತೆ, ರೇಷನ್ ಅಂಗಡಿ ಕ್ಯೂ.
ಆರೇ ಸರದಿ. ಆರನೆಯದೂ ಸವೆದರೆ
ಅಂಗಡಿ ಮುಚ್ಚಿತು, ಹುಲ್ಲಿದ್ದೂ ಹಸಿವು.
ಇವಳದ್ದು ಆರನೆಯದು. ಬೆರಳಿಟ್ಟು ನೋಡಿ,
ಸವೆದ ರುಬ್ಬುಗುಂಡು.

ಈಗ ಕಾಲು. ನೋಡಿದಿರಾ, ತುದಿಗಾಲಲ್ಲಿ ನಿಂತಿದ್ದಾಳೆ!
ಹಿಮ್ಮಡಿಯ ಕೆಳಗೆ ಕೊಬ್ಬಿನ ಮೆತ್ತೆ ಇತ್ತು,
ದೂರದ ನೆಲದ ಮಾತು ಆ ಪಾದಕ್ಕೆ ಕೇಳಿಸುತ್ತಂತೆ.
ಮೆಟ್ರೋದವರು ಕಂಬಕ್ಕೆ ನೆಲ ಕೊರೆವಾಗ
ಎಲುಬೆಲ್ಲ ಗಿಲಿಗಿಲಿ ಅನ್ನುತ್ತೆ;
ನಾನು ಕಾಲು ಹಿಡಿದು ನಿಲ್ಲುತ್ತೇನೆ.

ಬಲ ಮುಂಗಾಲಿನ ಕಿರುಬೆರಳಾ?
ಹ್ಞೂಂ. ಅದನ್ನ ಮಕ್ಕಳಿಗೆ ಮಾತ್ರ ಹೇಳ್ತೀನಿ.
ನಾನು ಸೇರಿದ ವರ್ಷ ಒಂದು ಗೆಣ್ಣು ನಾಯಿ ಒಯ್ದಿತು.
ಕೆಲಸ ಹೋದೀತು ಅಂತ
ಗಂಗೇನಹಳ್ಳಿ ಕಾಳಾಚಾರಿ ಹತ್ತಿರ ಹಲಸಿನ ಮರದಲ್ಲಿ ಕೆತ್ತಿಸಿ,
ಟೀ ಬಳಿದು, ತಂತಿ ಕಟ್ಟಿದೆ.
ಹನ್ನೆರಡು ಪ್ರೊಫೆಸರು, ಎಷ್ಟೋ ಪರೀಕ್ಷೆ.
ಯಾರೂ ಹಿಡಿಯಲಿಲ್ಲ.

ಹೋದ ಆಷಾಢದಲ್ಲಿ ಒಬ್ಬಳು ಬಂದಳು, ಪದ್ಮಾಕ್ಷಿ,
ಪಾದ ಕೀವಾಗಿ, ಕುಂಟುತ್ತ, ಮಾವುತ ಮುಕ್ತಿಯಾರ್ ಜೊತೆ.
ಪರ್ಮಾಂಗನೇಟ್ ನೀರಲ್ಲಿ ಕಾಲು ನೆನೆಸಿ
ಲಾರಿಗೆ ನಡೆಸಿಕೊಂಡು ಹೋಗುವಾಗ
ಈ ದೊಡ್ಡ ಬಾಗಿಲ ಮುಂದೆ ನಿಂತೇಬಿಟ್ಟಳು.
ಗದರಿದ, ಬೆಲ್ಲ ತೋರಿಸಿದ. ಅಲ್ಲಾಡಲಿಲ್ಲ.
ಸೊಂಡಿಲು ಒಳಗೆ ಬಂತು
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ಹುಡುಕುವ ಕೈಯ ಹಾಗೆ.
ಬುರುಡೆ. ಮೂಗಿನ ತೂತು. ಸವೆದ ಹಲ್ಲಿನ ಮೇಲೆ ತುಂಬಾ ಹೊತ್ತು.
ಎಳೆಯಲಿಲ್ಲ, ಬೀಳಿಸಲಿಲ್ಲ.
ಆಮೇಲೆ ಕಾಲಿಗಿಳಿದು ಒಂದು ಬೆರಳು, ಎರಡು, ಮೂರು,
ನಾಲ್ಕು,
ಐದನೆಯದರ ಹತ್ತಿರ ತಡೆದಳು.
ಮೂಸಿದಳು.
ಬಿಟ್ಟು ಮುಂದೆ ಹೋದಳು.

ಮುಕ್ತಿಯಾರ್ ಕೇಳಿದ, ‘ಅದೇನಕ್ಕಾ ಅದು?’
‘ಹಲಸು’ ಅಂದೆ.
ಇಷ್ಟು ವರ್ಷಕ್ಕೆ ಮೊದಲ ಸಲ.

ಹೋಗುವಾಗ ಜಗಲಿ ಕಲ್ಲಿನ ಮೇಲಿನ ಕಂದು ಗುರುತು ತುಳಿಯಬೇಡಿ,
ಆಗ ನೇರಳೆ ಇತ್ತು. ನಾನದಕ್ಕೆ ಫಿನಾಯಿಲ್ ಹಾಕಿಲ್ಲ.
ಮುಂಗಾಲಿನ ಸುತ್ತಳತೆ ಎರಡು ಪಟ್ಟು ಮಾಡಿದರೆ
ಹೆಚ್ಚುಕಡಿಮೆ ಆನೆಯ ಎತ್ತರವಂತೆ, ಡಾಕ್ಟರು ಹೇಳಿದ್ದು.
ತಗೋ ಈ ದಾರ. ಹೆಜ್ಜೆ ಸುತ್ತ ಹಿಡಿ.
ಇನ್ನೊಂದು ಸುತ್ತು. ಬಿಗಿಯಾಗಿ.
ಈಗ ಒಂದು ತುದಿ ನೆಲಕ್ಕಿಟ್ಟು ಗೋಡೆಗುಂಟ ಎತ್ತು,
ಎತ್ತು, ಇನ್ನೂ ಇದೆ.
ತಡಿ, ಸ್ಟೂಲ್ ತರ್ತೀನಿ.