ಎಣ್ಣೆ ಹಾಕುವವನು

ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಗ್ರಿಮ್ಸ್‌ಬಿಯ ಆ ಮನೆಗೆ ಹೋಗುತ್ತೇನೆ,
ಚೀಲದಲ್ಲಿ ತೆಳು ಎಣ್ಣೆಯ ಸೀಸೆ, ಬೆರಳುದ್ದದ ಆಲಿಕೆ.
ಬೆರಿಲ್ ಬಾಗಿಲು ತೆಗೆದು, "ಒಳಗಿದ್ದಾನೆ, ಹೋಗು" ಅನ್ನುತ್ತಾಳೆ.
ಗಂಡ ತೀರಿ ಆರು ವರ್ಷ.
ಅವಳು ಹೇಳುವುದು ಆರ್ಗನ್ನಿನ ಮಾತು.

ಹಿಂದಿನ ಹಲಗೆ ಬಿಚ್ಚಿದರೆ ತೊಂಬತ್ತೊಂದು ಚಕ್ರ,
ಒಂದೊಂದಕ್ಕೂ ಹತ್ತಿಯ ಎಳೆ;
ಹುಯ್ದ ಎಣ್ಣೆ ಎಳೆ ಹಿಡಿದು ನಡೆಯುತ್ತದೆ, ಅವಸರವಿಲ್ಲದೆ,
ಒಂದು ವಾರ ಬೇಕು ಕೊನೆಯ ಚಕ್ರ ಮುಟ್ಟಲು.
ಇಷ್ಟೊಂದು ಬತ್ತಿ, ಇಷ್ಟೊಂದು ಎಣ್ಣೆ,
ಬೆಳಕು ಮಾತ್ರ ಇಲ್ಲ.

ಡೆಸ್ಮಂಡ್ ಥರ್ಕೆಲ್. ಅಪ್ಪ ಐಸ್ ಕಾರ್ಖಾನೆಯ ಆಳು,
ಟ್ರಾಲರುಗಳ ಹೊಟ್ಟೆಗೆ ಹಗಲಿರುಳು ಮಂಜುಗಡ್ಡೆ ಸುರಿದವನು.
ಹುಡುಗ ಚಾಪೆಲ್ಲಿನ ಹಾರ್ಮೋನಿಯಂ ಮುಂದೆ ಕೂತಾಗ
ಕಾಲು ಎಟಕುತ್ತಿರಲಿಲ್ಲ;
ತಂಗಿ ಕೆಳಗೆ ನುಸುಳಿ ಎರಡೂ ಕೈಯಿಂದ ತಿದಿ ಒತ್ತಿದಳು.
"ನಾನು ಉಸಿರು, ಅವನು ಬೆರಳು" ಎಂದು ಈಗಲೂ ಜಂಬ ಕೊಚ್ಚುತ್ತಾಳೆ
ಕ್ಲೀಥಾರ್ಪ್ಸ್ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ.

ಅರವತ್ತೇಳರಲ್ಲಿ ಲಂಡನ್ನು. ನೆಲಮಾಳಿಗೆ.
ಗೋಡೆಯ ಮೇಲೆ ಬಣ್ಣದೆಣ್ಣೆಯ ಗುಳ್ಳೆ ಉಬ್ಬಿ, ಕೂಡಿ, ಒಡೆದು,
ನಾಲಿಗೆಯ ಮೇಲೆ ಸಕ್ಕರೆಯ ತುಂಡು, ಅದರೊಳಗೆ ಬೇರೊಂದು ತೊಟ್ಟು.
ಬಿಳಿ ಕೀಲಿಗಳು ಮೀನಿನ ಕಿವಿರಿನಂತೆ ಉಸಿರಾಡಿದವಂತೆ.
ಬ್ಯಾಂಡಿನ ಹೆಸರು ಗ್ಲಾಸ್ ಹೆರಿಂಗ್.
ಸೈಕೆಡೆಲಿಕ್ ಎಂದು ಪತ್ರಿಕೆ ಬರೆಯಿತು;
ಅದೊಂದು ಕಾಯಿಲೆ ಎಂದುಕೊಂಡ ಅಪ್ಪ.
ಒಂದು ರಾತ್ರಿ ಮಂದ್ರದ ಎಫ್ ಕೀಲಿಯ ಸಂದಿಗೆ
ಬೆಂಕಿಕಡ್ಡಿ ಸಿಕ್ಕಿಸಿ ಕೈ ಎತ್ತಿಬಿಟ್ಟ.
ಸ್ವರ ನಿಂತಿತು, ಅಂದರೆ, ನಿಲ್ಲದೆ ನಿಂತಿತು.
ಗಿಟಾರಿನವನು ಬೈದು ಹೋದ, ಡ್ರಮ್ಮಿನ ರಾಯ್‌ಸ್ಟನ್ ಬಿಯರಿಗೆ ಹೋದ,
ಜನ ಅತ್ತರು, ನಕ್ಕರು, ಕೋಟು ಹುಡುಕಿದರು.
ನಲವತ್ತನೆಯ ನಿಮಿಷಕ್ಕೆ ಕಸ ಗುಡಿಸುವಾಕೆ ಪ್ಲಗ್ಗು ಕಿತ್ತಳು.
ಚಕ್ರ ಸೋಲುತ್ತಾ ಸೋಲುತ್ತಾ ಸ್ವರ ಜಾರಿ ಇಳಿಯಿತು,
ಹಡಗುಕಟ್ಟೆಯಲ್ಲಿ ಮೂಟೆ ಇಳಿಸಿದವನ ನಿಟ್ಟುಸಿರಿನ ಹಾಗೆ.

ಒಂದೇ ಎಲ್‌ಪಿ. ಮಾರಾಟ ನಾನೂರ ಹನ್ನೆರಡು.
ಹೊದಿಕೆಯ ಮೇಲೆ ಮೀಸೆ ಬಿಟ್ಟ ಮೀನು.

ಆಮೇಲೆ ಮೂವತ್ತೊಂದು ವರ್ಷ ಊರಿನ ಚಿತಾಗಾರದಲ್ಲಿ ನುಡಿಸಿದ,
ದಿನಕ್ಕೆ ಆರು ಹೆಣ, ತಲೆಗೆ ಇಪ್ಪತ್ತು ನಿಮಿಷ.
ಸಂಬಳ ಸರಿಯಾಗಿ ಬಂತು. ಸಕ್ಕರೆ ಬಿಟ್ಟ, ಚಹಾದಲ್ಲೂ.

ರಾಯ್‌ಸ್ಟನ್ನನ ದಿನ ಮಾತ್ರ
(ಇದನ್ನು ಬೆರಿಲ್ ದನಿ ತಗ್ಗಿಸಿ ಹೇಳುತ್ತಾಳೆ)
ಪೆಟ್ಟಿಗೆ ಸರಿಯಿತು, ಪರದೆ ಮುಚ್ಚಿತು, ಜನ ಎದ್ದರು,
ಎಫ್ ಏಳಲಿಲ್ಲ.
ಹೊರಗೆ ಸರದಿಯಲ್ಲಿದ್ದ ಮುಂದಿನ ಸಾವಿನವರು,
ಯಾರೋ ಟ್ರಾಲರ್ ಸ್ಕಿಪ್ಪರನ ಹೆಂಡತಿ ಮಕ್ಕಳು,
ಒಳಬಂದು ಕೂತು, ತಮಗಾಗಿಯೇ ಎಂದುಕೊಂಡರು.
"ಅದೇ ಸದ್ದು," ಅಂದಳಂತೆ ಮುದುಕಿ, "ಇಂಜಿನ್ ಕೋಣೆಯದು.
ಅದಿಲ್ಲದೆ ಅವನಿಗೆ ದಡದಲ್ಲಿ ನಿದ್ದೆ ಬರುತ್ತಿರಲಿಲ್ಲ."

ಹೋದ ವರ್ಷ ಒಸಾಕಾದಿಂದ ಯಾರೋ ಕಾಗದ ಬರೆದರು.
ಯಾವುದೋ ಹಾಸಿಗೆಯ ಜಾಹೀರಾತಿಗೆ ಅವನ ಹನ್ನೊಂದು ಸೆಕೆಂಡು,
ಬೆರಿಲ್‌ಗೆ ನಲವತ್ತಮೂರು ಪೌಂಡು, ಹೊಸ ಕೆಟಲ್.

ಎಣ್ಣೆ ಹುಯ್ದಾಯಿತು. ಚಾಲೂ ಗುಂಡಿ ಒತ್ತಿ ಹಿಡಿದು
ಎಂಟರವರೆಗೆ ಎಣಿಸಬೇಕು, ಮೋಟಾರು ಓಟ ಹಿಡಿಯುವ ತನಕ.
ಪಕ್ಕದ ಮನೆಯ ಪೋಲಿಷ್ ಹುಡುಗಿ ಯಾಗೋದಾ ಬಂದಿದ್ದಾಳೆ,
ತನ್ನ ಭಾಷೆಯಲ್ಲಿ ಎಣಿಸುತ್ತಾಳೆ, ಆರನ್ನು ಹಾರಿಸಿ.
ಮಂದ್ರದ ಎಫ್ ಅವಳಿಗೆ ಯಾರೂ ತೋರಿಸಿಲ್ಲ;
ಸವೆದ ಜಾಗ, ಬೆರಳು ತಾನೇ ಜಾರುತ್ತದೆ ಅಲ್ಲಿಗೆ.
ಕಡ್ಡಿ ಇಲ್ಲ. ಜೇಬಿನಿಂದ ಲೆಗೊ ಇಟ್ಟಿಗೆಯೊಂದನ್ನು ತೆಗೆದಳು.

ಕಿಟಕಿಯ ಗಾಜು ಗುಂಯ್ ಎಂದಿತು. ಹೊರಗಿನ ಕಡಲಹಕ್ಕಿ ಜಾಗ ಬದಲಿಸಿತು.
ಬೆರಿಲ್ ಅಡುಗೆಮನೆಯಿಂದ ಬರಲಿಲ್ಲ, ನಿಲ್ಲಿಸು ಎನ್ನಲೂ ಇಲ್ಲ.
ಮೇಜಿನ ಮೂಲೆಯಲ್ಲಿ ರಸೀದಿ ಬರೆದೆ:
ಎಣ್ಣೆ, ಹನ್ನೆರಡು ಪೌಂಡು.
ರಿಪೇರಿ, ಏನಿಲ್ಲ.